ಬದುಕಿದವರ ಅರಿವೆ

ತಾವರಗೇರಾದಲ್ಲಿ ಆ ವರ್ಷ ಹೊಟ್ಟೆಗೆ ಹೇಗೋ ಇತ್ತು, ಮೈಗೆ ಇರಲಿಲ್ಲ. ಜೋಳ ಬೆಳೆದಿತ್ತು. ಲೆವಿಯವರು ಬಂದು ಸರಕಾರದ ಪಾಲು ಅಳೆದುಕೊಂಡು ಹೋದ ಮೇಲೂ ಕಣಜದ ತಳದಲ್ಲಿ ಒಂದಿಷ್ಟು ಉಳಿದಿತ್ತು. ಆದರೆ ಅರಿವೆಯ ಹೆಸರು ಮಾತ್ರ ಎತ್ತಬೇಡಿ. ದೊಡ್ಡ ಲಾಮು ನಡೆದಿದೆ, ಗಿರಣಿಯ ಬಟ್ಟೆಯೆಲ್ಲ ಸಿಪಾಯಿಗಳ ಮೈಗೆ ಹೋಗುತ್ತಿದೆ ಎಂದು ಸಂತೆಗೆ ಬಂದವರು ಹೇಳುತ್ತಿದ್ದರು. ಲಾಮು ಎಂದರೆ ಯುದ್ಧ. ಎಲ್ಲಿಯ ಯುದ್ಧ, ಯಾರ ಮೇಲಿನ ಯುದ್ಧ ಎಂದು ಕೇಳಿದರೆ ಹೇಳುವವರಿಗೂ ಸರಿಯಾಗಿ ಗೊತ್ತಿರಲಿಲ್ಲ. ಚೀಟಿ ಹಿಡಿದು ಕುಷ್ಟಗಿಯ ಕಂಟ್ರೋಲ್ ಅಂಗಡಿಗೆ ಹೋದವರು ಬಿಸಿಲು ತಿಂದು ಬರಿಗೈಯಲ್ಲಿ ಬರುತ್ತಿದ್ದರು. ಹೆಣ್ಣುಮಕ್ಕಳು ಒಂದು ಸೀರೆಯನ್ನು ಹರಿದು ಎರಡು ಮಾಡಿಕೊಂಡು ಉಟ್ಟರು. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರೆ ಹಿರಿಯರು. ಹಾಸಿಗೆಯೇ ಇಲ್ಲದವರು ಕಾಲನ್ನು ಏನು ಮಾಡಬೇಕು ಎಂದು ಯಾವ ಹಿರಿಯನೂ ಹೇಳಿಹೋಗಿಲ್ಲ.

ಇಂಥ ವರ್ಷದಲ್ಲಿಯೇ ಪಕ್ಕೀರವ್ವನ ಮಗಳು ಹೊಳಿಯಮ್ಮ ಬಾಣಂತನಕ್ಕೆ ತವರಿಗೆ ಬಂದಳು.

ಪಕ್ಕೀರವ್ವ ಕೂಲಿ ಮಾಡಿ ತಿನ್ನುವ ಹೆಂಗಸು. ಗಂಡ ಆದೆಪ್ಪ ಹೋಗಿ ನಾಲ್ಕು ವರ್ಷವಾಗಿತ್ತು. ಮನೆಯಲ್ಲಿ ಒಂದು ಕಂಬಳಿ, ಒಂದು ಬೀಸುವ ಕಲ್ಲು, ನಾಲ್ಕು ಗಡಿಗೆ. ಆದರೆ ಹಳೆಯ ಅರಿವೆ ಕೂಡಿಸಿ ಕೌದಿ ಹೊಲಿಯುವುದರಲ್ಲಿ ಅವಳನ್ನು ಸರಿಗಟ್ಟುವವರು ಸುತ್ತ ಹತ್ತೂರಲ್ಲಿ ಇರಲಿಲ್ಲ. ಹೊಲಿಗೆ ಹಾಕಿದರೆ ಇರುವೆ ಸಾಲು ಹಿಡಿದು ಹೋದ ಹಾಗೆ. ಒಂದು ಹಿಂದಿಲ್ಲ, ಒಂದು ಮುಂದಿಲ್ಲ. ಊರಿನ ಅರ್ಧ ಮಕ್ಕಳು ಅವಳು ಹೊಲಿದ ತೊಟ್ಟಿಲ ಕೌದಿಯ ಕೆಳಗೇ ಬೆಚ್ಚಗೆ ಮಲಗಿ ದೊಡ್ಡವರಾಗಿದ್ದರು. ಅವಳ ಮಗಳ ಮಕ್ಕಳಿಗೆ ಮಾತ್ರ ಆ ಪುಣ್ಯ ಬಂದಿರಲಿಲ್ಲ.

ಹೊಳಿಯಮ್ಮನನ್ನು ಗಂಗಾವತಿ ಕಡೆಯ ಮರಳಿ ಎಂಬ ಊರಿಗೆ ಕೊಟ್ಟಿದ್ದರು. ನೀರಿನ ಸೀಮೆ, ಭತ್ತದ ಊರು, ಮಗಳು ಅನ್ನ ಉಂಡುಕೊಂಡು ಇರುತ್ತಾಳೆ ಎಂದು ಹಿಗ್ಗಿ ಕೊಟ್ಟದ್ದು. ಅಳಿಯ ಓಬಳೆಪ್ಪ ಕೆಟ್ಟವನಲ್ಲ, ಆದರೆ ಅವ್ವ ಹಾಕಿದ ಗೆರೆ ದಾಟುವವನೂ ಅಲ್ಲ. ಮೊದಲನೆಯ ಕೂಸು ಹುಟ್ಟಿದ ಒಂಬತ್ತನೆಯ ದಿನ ಹೋಯಿತು. ಎರಡನೆಯದು ಹೋದ ವರ್ಷ, ಹದಿಮೂರನೆಯ ದಿನ. ಆ ಎರಡನೆಯದಕ್ಕೆ ಸುತ್ತಲು ಒಂದು ಗೇಣು ಅರಿವೆಯನ್ನೂ ಅತ್ತೆ ಕೊಡಲಿಲ್ಲ. ಹೊರಗಿನಿಂದ ಒಂದು ಬಾಳೆ ಎಲೆ ಕೊಯ್ದು ತಂದು, ಅದರಲ್ಲಿ ಸುತ್ತಿ ಮಣ್ಣಿಗೆ ಹಾಕಿದರು. ಅತ್ತೆಯನ್ನು ಬೈಯಬೇಕು ಅನ್ನಿಸುತ್ತದೆ. ಆದರೆ ಆಕೆಯ ಮನೆಯಲ್ಲಿಯೂ ಉಡಲು ಇರಲಿಲ್ಲ ಎಂಬುದನ್ನು ಮರೆಯಬಾರದು.

ಹೊಳಿಯಮ್ಮ ಏಳು ತಿಂಗಳ ಬಸುರಿಯಾಗಿ ತವರಿಗೆ ಬಂದವಳು ಹೊಟ್ಟೆಯಲ್ಲಿದ್ದ ಕೂಸಿನ ಮಾತು ಆಡಲಿಲ್ಲ. ಹೋದ ಕೂಸಿನ ಮಾತನ್ನೇ ಆಡಿದಳು. ರೊಟ್ಟಿ ತಿನ್ನುತ್ತ ಕೈ ನಿಲ್ಲಿಸಿ ಗೋಡೆ ನೋಡುತ್ತಿದ್ದಳು. ಒಂದು ದಿನ ಪಕ್ಕೀರವ್ವ ತಡೆಯಲಾರದೆ ಗದರಿಸಿದಾಗ ಹೇಳಿದಳು: "ಯವ್ವಾ, ಎಲಿ ಒಣಗಿ ಹರದು ಹೋಗಿರ್ತೈತಿ. ಅದಕ್ಕ ಥಂಡಿ ಹತ್ತಿರ್ತೈತಿ."

ಮಗಳ ಎರಡೂ ಕೈ ಹಿಡಿದುಕೊಂಡು ಪಕ್ಕೀರವ್ವ ಒಂದು ಮಾತು ಕೊಟ್ಟಳು. ಕೊಡಬಾರದಿತ್ತು, ಕೊಟ್ಟಳು.

"ಈ ಸಲ ನಿನ್ನ ಕೂಸು ಒಂದ ಗಳಿಗಿನೂ ಬರಿಮೈಲೆ ಇರೂದಿಲ್ಲ. ತಲಿಯಿಂದ ಕಾಲತನಕ ನಾ ಹೊಚ್ಚತೀನಿ. ನಮ್ಮಪ್ಪನ ಆಣಿ."

ಹೊಳಿಯಮ್ಮ ಅವತ್ತು ಎರಡು ರೊಟ್ಟಿ ಉಂಡಳು.

ತೊಟ್ಟಿಲ ಕೌದಿಗೆ ಅಲ್ಲಿ ಒಂದು ಕಟ್ಟಳೆ ಇತ್ತು. ದೊಡ್ಡವರ ಕೌದಿಗೆ ಯಾವ ಚಿಂದಿಯಾದರೂ ನಡೆಯುತ್ತದೆ. ಕೂಸಿನ ಕೌದಿಗೆ ಹಾಗಲ್ಲ. ಅದು ನಾಲ್ಕು ಮನೆಯ ಅರಿವೆ ಕೂಡಿ ಆಗಬೇಕು, ನಾಲ್ಕು ಹೆಂಗಸರು ನಾಲ್ಕು ದಿಕ್ಕಿಗೆ ಕೂತು ಅಂಚಿನಿಂದ ನಡುವಿಗೆ ಹೊಲಿದುಕೊಂಡು ಬರಬೇಕು. ಮತ್ತೆ, ಮೈಯಲ್ಲಿ ಜೀವ ಇರುವವರು ಉಟ್ಟು ಬಿಟ್ಟ ಅರಿವೆಯೇ ಆಗಬೇಕು. ಸತ್ತವರ ಅರಿವೆ ಅದರ ಹತ್ತಿರವೂ ಸುಳಿಯಬಾರದು. ಬದುಕಿದವರ ಆಯುಷ್ಯ ದಾರದ ಗುಂಟ ಇಳಿದು ಕೂಸಿಗೆ ಸೇರುತ್ತದೆ ಎಂದು ನಂಬಿಕೆ. ಅಷ್ಟಕ್ಕೇ ಮುಗಿಯಲಿಲ್ಲ, ಅದೇ ಕಟ್ಟಳೆಗೆ ಇನ್ನೊಂದು ಮಗ್ಗುಲಿದೆ. ಆಯುಷ್ಯ ಇಳಿಯುವ ದಾರಿಯಲ್ಲಿ ಸಾವು ಏರಿಯೂ ಬರಬಹುದಲ್ಲ! ಅದಕ್ಕೇ ಬದುಕಿದವರ ಅರಿವೆ ಯಾವ ಕಾಲಕ್ಕೂ ಮಣ್ಣಿಗೆ ಹೋಗಬಾರದು. ಹೋದರೆ ಉಟ್ಟವರೂ ಹಿಂದೆಯೇ ಹೋಗುತ್ತಾರೆ. ಹುಚ್ಚು ಎನ್ನುವವರು ಎನ್ನಲಿ. ನಾನು ವಾದಕ್ಕೆ ಬರುವುದಿಲ್ಲ.

ಪಕ್ಕೀರವ್ವ ಮೂರು ಮನೆಗೆ ಹೋಗಿ ಉಡಿಯೊಡ್ಡಿದಳು.

ಮೊದಲು ಹೋದದ್ದು ಶಂಕ್ರಮ್ಮನ ಹತ್ತಿರ. ಅವಳು ಕಿರಾಣಿ ವ್ಯಾಪಾರದ ದೊಡ್ಡಬಸಪ್ಪನ ಹೆಂಡತಿ, ಉಳ್ಳವಳು. ಹೊಳಿಯಮ್ಮ ಹುಡುಗಿಯಾಗಿದ್ದಾಗ ಅವರ ಮನೆಯ ಅಂಗಳ ಗುಡಿಸಿದವಳು. ಆ ಋಣಕ್ಕೋ ಏನೋ, ಶಂಕ್ರಮ್ಮ ತನ್ನ ಹಳೆಯ ಇಳಕಲ್ ಸೀರೆಯ ಒಡಲಿನಿಂದ ಮೊಳದಷ್ಟು ಹರಿದು ಕೊಟ್ಟಳು. ಎರಡನೆಯವಳು ಮುದಕಮ್ಮ, ಊರಿನ ಸೂಲಗಿತ್ತಿ. ಹಲ್ಲಿಲ್ಲದ ಬಾಯಿ, ಆದರೆ ಮಾತು ಕಡಿಯುತ್ತಿತ್ತು. ಅವಳು ಕೊಟ್ಟದ್ದು ತನ್ನ ಹಸಿರು ಸೀರೆಯ ತುಂಡು. ಮೂರನೆಯವಳು ಪಕ್ಕದ ಮನೆಯ ಹಮೀದಾಬಿ.

ಹಮೀದಾಬಿ ಪಕ್ಕೀರವ್ವನಿಗೆ ಗೆಳತಿ ಎನ್ನುವುದಕ್ಕಿಂತ ಹೆಚ್ಚು. ಇಬ್ಬರೂ ಒಂದೇ ವರ್ಷ ಲಗ್ನವಾಗಿ ಬಂದವರು, ಒಂದೇ ಗೋಡೆಗೆ ಬೆನ್ನು ಹಚ್ಚಿ ಸಂಸಾರ ಮಾಡಿದವರು, ಒಬ್ಬರ ಒಲೆಯ ಕೆಂಡದಿಂದ ಇನ್ನೊಬ್ಬರ ಒಲೆ ಹೊತ್ತಿಸಿದವರು. ಅವಳಿಗೆ ಒಬ್ಬನೇ ಮಗ, ದಾದೇಸಾಬ. ಲಾಮಿಗೆ ಭರ್ತಿಯಾಗಿ ಬರ್ಮಾದ ಕಡೆಗೆ ಹೋಗಿದ್ದ. ಹೋಗುವಾಗ ಬಿಟ್ಟುಹೋದ ನೀಲಿ ಗೀಟಿನ ಲುಂಗಿಯೊಂದನ್ನು ಅವಳು ತಲೆದಿಂಬಿನ ಹಾಗೆ ಮಡಿಸಿ ತಲೆಯ ಕೆಳಗೆ ಇಟ್ಟುಕೊಂಡು ಮಲಗುತ್ತಿದ್ದಳು. ಮನೆಯಲ್ಲಿ ಬೇರೆ ಅರಿವೆ ಇರಲಿಲ್ಲ. ಆ ಲುಂಗಿಯ ಒಂದು ಮೊಳ ಹಲ್ಲಿನಿಂದ ಕಚ್ಚಿ ಹರಿದಳು. ಮಗ ಗಟ್ಟಿ ಜೀವ, ಅವನ ಆಯುಷ್ಯದಲ್ಲಿ ಕೂಸಿಗೂ ಒಂದಿಷ್ಟು ಸಿಗಲಿ ಎಂದಳು.

ನಾಲ್ಕನೆಯ ತುಂಡು ಪಕ್ಕೀರವ್ವನದೇ ಆಗಬೇಕಿತ್ತು. ಇಲ್ಲಿಯೇ ಅವಳು ತಪ್ಪಿದ್ದು.

ಅವಳ ಹತ್ತಿರ ಇದ್ದದ್ದು ಒಂದೇ ಸೀರೆ. ಅದನ್ನು ಎರಡು ಮಾಡಿ ಅರ್ಧ ಮಗಳಿಗೆ ಉಡಿಸಿದ್ದಳು. ಉಳಿದರ್ಧವನ್ನು ತಾನು ಸುತ್ತಿಕೊಂಡರೆ ಸೆರಗು ಭುಜಕ್ಕೆ ಮುಟ್ಟುತ್ತಿರಲಿಲ್ಲ. ಅದರಲ್ಲಿ ಇನ್ನೊಂದು ಮೊಳ ಹರಿದರೆ ಹೊಲಕ್ಕೆ ಹೋಗುವುದು ಹೇಗೆ, ನಾಲ್ಕು ಜನರ ಮುಂದೆ ನಿಲ್ಲುವುದು ಹೇಗೆ? ನೆಲುವಿನ ಗಡಿಗೆಯಲ್ಲಿ ಆದೆಪ್ಪನ ಧೋತರದ ತುಂಡೊಂದು ಇತ್ತು. ಉಳಿದದ್ದು ಅವನ ಹೆಣದ ಜೊತೆಗೇ ಹೋಗಿತ್ತು. ಇದೊಂದು ಮೊಳ ಮಾತ್ರ ಹೇಗೋ ಗೂಟಕ್ಕೆ ಸಿಕ್ಕಿ ಮನೆಯಲ್ಲಿ ಉಳಿದಿತ್ತು. ಅವಳು ಎರಡು ದಿನ ಅದನ್ನು ತೆಗೆದು ನೋಡಿದಳು, ಎರಡು ದಿನ ಮರಳಿ ಇಟ್ಟಳು. ಮೂರನೆಯ ದಿನ ಕಾವಿಮಣ್ಣು ಕಲಸಿ ಅದರಲ್ಲಿ ಅದ್ದಿ ಒಣಗಿಸಿದಳು. ಬಿಳಿ ಹೋಗಿ ಕೆಂಪಾಯಿತು. ತನ್ನ ಹಳೆಯ ಸೀರೆಯ ತುಂಡು ಎಂದು ಗೆಳತಿಯರಿಗೆ ಹೇಳಿದಳು. ಅಜ್ಜನ ಅರಿವೆ ಮೊಮ್ಮಗುವಿಗೆ ಯಾಕೆ ಕೆಡುಕು ಮಾಡೀತು, ಬದುಕಿದ್ದಾಗ ಇರುವೆಗೂ ನೋವು ಮಾಡದ ಮನುಷ್ಯ, ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಕಾರ್ತಿಕದ ಮಧ್ಯಾಹ್ನಗಳಲ್ಲಿ ನಾಲ್ವರೂ ಹಮೀದಾಬಿಯ ಮನೆ ಮುಂದಿನ ಬೇವಿನ ಗಿಡದ ಕೆಳಗೆ ಕೂತು ಹೊಲಿದರು. ಸೂಜಿ ಎರಡೇ ಇದ್ದವು. ಇಬ್ಬರು ಹೊಲಿದರೆ ಇಬ್ಬರು ಹಳೆಯ ಸೀರೆಯ ಅಂಚಿನಿಂದ ದಾರ ಎಳೆದು ಕೊಡುತ್ತಿದ್ದರು. ಶಂಕ್ರಮ್ಮ ನೆಲಕ್ಕೆ ಕೂಡುವವಳಲ್ಲ. ಮಣೆ ತರಿಸಿಕೊಂಡು ಕೂತಳು. ಅವಳ ಹೊಲಿಗೆ ಕುಡಿದವನ ನಡಿಗೆಯ ಹಾಗೆ ಅಡ್ಡಾದಿಡ್ಡಿ ಹೋಗುತ್ತಿತ್ತು. ಉಳ್ಳವರ ಕೈಗೆ ಹೊಲಿಗೆ ಯಾಕೆ ಬರಬೇಕು, ಹರಿಯುವುದು ಬಂದರೆ ಸಾಕು ಎಂದು ಮುದಕಮ್ಮ ಚುಚ್ಚಿದಳು. ಶಂಕ್ರಮ್ಮ ನಕ್ಕಳು, ಹೊಲಿಗೆ ಬಿಚ್ಚಿ ಮತ್ತೆ ಹಾಕಿದಳು. ಹಮೀದಾಬಿ ಮಗನ ಹಳೆಯ ಕಾಗದದ ಮಾತುಗಳನ್ನು ನೂರನೆಯ ಸಲ ಹೇಳಿದಳು: ಅಲ್ಲಿ ಮಳೆ ನಿಲ್ಲುವುದೇ ಇಲ್ಲವಂತೆ, ಬೂಟಿನಲ್ಲಿ ಜಿಗಣೆ ಹೋಗುತ್ತವಂತೆ. ಹೊಳಿಯಮ್ಮ ಹೊಸ್ತಿಲಲ್ಲಿ ಕೂತು ಕೇಳುತ್ತಿದ್ದಳು. ಒಂದು ದಿನ ಅವಳೂ ನಕ್ಕಳು. ಪಕ್ಕೀರವ್ವನಿಗೆ ಆ ನಗು ಕೇಳಿ, ತಾನು ಮಾಡಿದ್ದು ಸರಿಯೇ ಎನ್ನಿಸಿತು.

ಎರಡು ಮೊಳ ಉದ್ದ, ಎರಡು ಮೊಳ ಅಗಲದ ಕೌದಿ ಆಯಿತು. ಒಬ್ಬೊಬ್ಬರದು ಒಂದೊಂದು ಕಾಲು ಭಾಗ: ಕಪ್ಪು ಇಳಕಲ್, ಹಸಿರು, ನೀಲಿ ಗೀಟು, ಕಾವಿ. ನಾಲ್ಕೂ ಕೂಡುವ ನಟ್ಟನಡುವೆ ಕೌದಿಯ ಹೊಟ್ಟೆ ಎಂದು ಅಂಗೈಯಗಲದ ಒಂದು ತೇಪೆ ಹಾಕಿ ಬಾಯಿ ಹೊಲಿಯದೆ ಬಿಟ್ಟರು. ಕೂಸು ಹುಟ್ಟಿ ಅತ್ತ ಮೇಲೆಯೇ ಅದರಲ್ಲಿ ಐದು ಕಾಳು ಜೋಳ ಇಟ್ಟು ಬಾಯಿ ಹೊಲಿಯಬೇಕು. ಹಸಿದ ಹೊಟ್ಟೆಯ ಕೌದಿ ಬೆಚ್ಚಗಿಡುವುದಿಲ್ಲ.

ಎಳ್ಳ ಅಮಾವಾಸ್ಯೆಗೆ ಎರಡು ದಿನ ಇದ್ದಾಗ ಗಂಡುಕೂಸು ಹುಟ್ಟಿತು. ಮುದಕಮ್ಮ ತನ್ನ ತುಕ್ಕು ಹಿಡಿದ ಕುಡುಗೋಲಿನಿಂದ ಹೊಕ್ಕಳುಬಳ್ಳಿ ಕೊಯ್ದು, ಸೂತಕ ಕಳೆಯುವ ತನಕ ಅದನ್ನು ಅಲ್ಲಿಯೇ ಸೂರಿಗೆ ಸಿಕ್ಕಿಸಿದಳು. ಊರಿನ ಎಲ್ಲ ಕೂಸುಗಳದನ್ನೂ ಅದೇ ಕುಡುಗೋಲಿನಿಂದ ಕೊಯ್ಯುತ್ತಿದ್ದಳು. ಕೂಸು ಓಣಿ ಎದ್ದು ಕೂಡುವ ಹಾಗೆ ಅತ್ತಿತು. ಪಕ್ಕೀರವ್ವ ಐದು ಕಾಳು ಎಣಿಸಿ ಕೌದಿಯ ಹೊಟ್ಟೆಗೆ ಇಟ್ಟು ಹೊಲಿದಳು. ಕೂಸನ್ನು ತಲೆಯಿಂದ ಕಾಲಿನವರೆಗೆ ಸುತ್ತಿದಾಗ ಕೌದಿ ಇನ್ನೂ ಒಂದು ಸುತ್ತು ಮಿಕ್ಕಿತು. ಹೊಳಿಯಮ್ಮ ಮೂಗಿನ ತುದಿಯನ್ನು ಆ ಸುತ್ತಿನ ಒಳಗೆ ತೂರಿಸಿ ಮೂಸಿ, ಬೆಚ್ಚಗಿದೆ ಎಂದಳು. ಆರು ದಿನ ಆ ಮನೆಯಲ್ಲಿ ಒಂದು ತರಹದ ಬೆಳಕು ಇತ್ತು. ಆರೇ ದಿನ.

ಏಳನೆಯ ದಿನ ಮುಂಜಾನೆ ಕೂಸು ಮೊಲೆ ಹಿಡಿಯಲಿಲ್ಲ. ದವಡೆ ಬಿಗಿಯಿತು. ಮೈ ಬಿಲ್ಲಿನ ಹಾಗೆ ಸೆಟೆಯಿತು. ಮುದಕಮ್ಮ ಬಂದು ಹೊಟ್ಟೆಗೆ ಇಂಗು ಸವರಿದಳು, ಬೂದಿ ಹಚ್ಚಿದಳು, ದೃಷ್ಟಿ ತೆಗೆದಳು. ಮಧ್ಯಾಹ್ನದ ಹೊತ್ತಿಗೆ ಮುಗಿಯಿತು. ಹೊಳಿಯಮ್ಮನಿಗೆ ಮೊದಲೇ ಬಾಣಂತಿ ಜ್ವರ; ಒಂದು ಸಲ ಕೂಗಿ ಎಚ್ಚರ ತಪ್ಪಿದಳು. ಮನೆಯಲ್ಲಿದ್ದ ಒಂದೇ ಕಂಬಳಿಯನ್ನು ಅವಳ ಮೇಲೆ ಹಾಕಿದರು.

ಅತ್ತದ್ದು ಆಯಿತು. ಓಣಿಯ ಇಬ್ಬರು ಗಂಡಸರು ಗುದ್ದಲಿ ಹಿಡಿದು ಬಾಗಿಲಲ್ಲಿ ನಿಂತರು. ಪಕ್ಕೀರವ್ವ ಕೂಸನ್ನು ಕೌದಿಯಲ್ಲಿ ಸುತ್ತತೊಡಗಿದಳು. ಮುದಕಮ್ಮ ಬಂದು ಅವಳ ಮಣಿಕಟ್ಟು ಹಿಡಿದಳು. ಪಕ್ಕೀರವ್ವನಿಗೆ ಆಗ ನೆನಪಾಯಿತು. ಬದುಕಿದವರ ಅರಿವೆ.

ತಲೆ ಎತ್ತಿ ನೋಡಿದರೆ ಶಂಕ್ರಮ್ಮ ಕಂಬಕ್ಕೆ ಆತು ನಿಂತಿದ್ದಳು. ಹಮೀದಾಬಿ ನೆಲ ನೋಡುತ್ತಿದ್ದಳು. ಸತ್ತ ಕೂಸಿನ ಮೈಮೇಲಿನ ಅರಿವೆ ನನ್ನದು, ಕೊಡು ಎಂದು ಯಾವ ನಾಲಿಗೆಯಿಂದ ಕೇಳುವುದು? ಕೇಳದೆ ಇರುವುದು ಹೇಗೆ?

ಕೊನೆಗೆ ಮುದಕಮ್ಮನೇ ಗಟ್ಟಿ ಮನಸ್ಸು ಮಾಡಿದಳು. ಉಳಿದವರಿಗೆ ಹಗುರಾಗಲಿ ಎಂದು ತನ್ನ ಹಸಿರು ಭಾಗದ ದಾರವನ್ನು ತಾನೇ ಮೊದಲು ಕಿತ್ತಳು. ಎಷ್ಟು ಕೂಸುಗಳನ್ನು ಈ ಕೈಯಿಂದ ಇಳಿಸಿದ್ದೇನೆ, ಎಷ್ಟನ್ನು ಸುತ್ತಿ ಕಳಿಸಿದ್ದೇನೆ, ಕಟ್ಟಳೆ ಮುರಿದರೆ ನಾಳೆ ನನ್ನನ್ನು ಯಾವ ಬಸುರಿಯ ಮನೆಗೂ ಕರೆಯುವುದಿಲ್ಲ ಎಂದು ಯಾರಿಗೋ ಹೇಳುವ ಹಾಗೆ ಹೇಳಿದಳು. ಆಮೇಲೆ ಶಂಕ್ರಮ್ಮ ಬಂದು ಕೂತಳು. ದೊಡ್ಡಬಸಪ್ಪನಿಗೆ ಹದಿನೈದು ದಿನದಿಂದ ಕೆಮ್ಮು ಬಿಟ್ಟಿರಲಿಲ್ಲ, ಮುತ್ತೈದೆಯ ಸೀರೆ ಮಣ್ಣಿಗೆ ಹೋದರೆ ತನ್ನ ಕುಂಕುಮ ಉಳಿಯುತ್ತದೆಯೇ ಎಂಬ ಅಂಜಿಕೆ ಅವಳದು. ಈ ಸಲ ಕಣ್ಣೀರಿನಲ್ಲಿ ದಾರವೇ ಕಾಣದೆ ಪಕ್ಕೀರವ್ವನಿಂದ ಬಿಡಿಸಿಕೊಂಡಳು. ನಡುವಿನ ಹೊಟ್ಟೆಯ ತೇಪೆ ಸಡಿಲಾಗಿ ಐದು ಕಾಳು ಜೋಳ ನೆಲಕ್ಕೆ ಬಿದ್ದವು. ಮಣ್ಣಿಗೆ ಹಾಕಿದರೆ ಮೊಳೆಯುತ್ತವೆ. ಪಕ್ಕೀರವ್ವ ಅವನ್ನು ಆರಿಸಿ ಬೀಸುವ ಕಲ್ಲಿನ ಬಾಯಿಗೆ ಹಾಕಿದಳು.

ಉಳಿದದ್ದು ಎರಡು ಭಾಗ, ನೀಲಿ ಗೀಟು ಮತ್ತು ಕಾವಿ. ಎರಡು ಭಾಗ ಸೇರಿದರೆ ಕೂಸಿಗೆ ತಲೆಯಿಂದ ಕಾಲಿನವರೆಗೆ ಆಗುತ್ತಿತ್ತು. ಪಕ್ಕೀರವ್ವ ಕಣ್ಣಿನಿಂದಲೇ ಅಳೆದಳು. ಹಮೀದಾಬಿಯ ಮುಖ ನೋಡಿದಳು. ಮೂವತ್ತು ವರ್ಷದಲ್ಲಿ ಅವಳು ಇವಳಿಗೆ ಯಾವುದನ್ನೂ ಇಲ್ಲ ಎಂದಿರಲಿಲ್ಲ.

"ಪಕ್ಕೀರಕ್ಕ," ಎಂದಳು ಹಮೀದಾಬಿ. "ನಂದಾಗಿದ್ರ ಬಿಡತಿದ್ದೆ. ನನ್ನ ಮೈಮ್ಯಾಲಿಂದ ಆಗಿದ್ರ ಕೂಸಿನ ಸಂಗಾಟ ಕಳಸತಿದ್ದೆ, ಅಲ್ಲಾನ ಆಣಿ. ಇದು ದಾದೇನ್ದು."

ಹುಚ್ಚು ಎನ್ನುವವರು ಈಗ ಬಂದು ಹೇಳಲಿ ನೋಡೋಣ, ಲಾಮಿಗೆ ಹೋದ ಒಬ್ಬನೇ ಮಗನ ತಾಯಿಯ ಮುಂದೆ ನಿಂತು ಹೇಳಲಿ. ಪಕ್ಕೀರವ್ವ ನೀಲಿ ಗೀಟಿನ ಸುತ್ತ ತಾನೇ ಹಾಕಿದ್ದ ಇರುವೆ ಸಾಲಿನ ಹೊಲಿಗೆಯನ್ನು ಒಂದೊಂದಾಗಿ ಕಿತ್ತಳು. ಗಟ್ಟಿ ಹೊಲಿಗೆ, ಬೇಗ ಬಿಡಲಿಲ್ಲ. ಬಿಚ್ಚಿ ಮಡಿಸಿ ಗೆಳತಿಯ ಕೈಗೆ ಕೊಟ್ಟಳು. ಹಮೀದಾಬಿ ಅದನ್ನು ಎದೆಗೆ ಒತ್ತಿಕೊಂಡಳು.

ಉಳಿದ ಕಾವಿ ತುಂಡನ್ನೂ ಬಿಡು, ನೀನೂ ಬದುಕಿದವಳು, ಮಗಳಿಗೆ ಇನ್ಯಾರು ಗತಿ ಎಂದು ಮುದಕಮ್ಮ ಕೈ ಚಾಚಿದಾಗ ಪಕ್ಕೀರವ್ವ ಅದನ್ನು ಬಿಗಿಯಾಗಿ ಹಿಡಿದುಕೊಂಡಳು. ಇನ್ನು ಮುಚ್ಚಿಡುವುದಕ್ಕೆ ಏನಿತ್ತು?

"ಇದು ನಂದಲ್ಲ ಆಯಿ. ಹೊಳಿಯಮ್ಮನ ಅಪ್ಪನ ಧೋತರ. ಇದು ಮಣ್ಣಿಗೆ ಹೋಗಬಹುದು."

ಶಂಕ್ರಮ್ಮ ತನ್ನ ತುಂಡನ್ನು ಝಾಡಿಸಿ ದೂರ ಹಿಡಿದಳು. ಹಮೀದಾಬಿ ಎರಡು ಹೆಜ್ಜೆ ಹಿಂದೆ ಸರಿದಳು. ಎರಡು ತಿಂಗಳಿಂದ ತನ್ನ ಮಗನ ಅರಿವೆ ಸತ್ತವನ ಅರಿವೆಗೆ ಅಂಟಿಕೊಂಡಿತ್ತು ಎಂಬುದು ಅವಳಿಗೆ ಆಗಲೇ ಹೊಳೆದಿರಬೇಕು. ಮುದಕಮ್ಮ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕೂಸು ಯಾಕೆ ಹೋಯಿತು ಎಂಬುದು ಈಗ ತಿಳಿಯಿತು ಎನ್ನುವ ಹಾಗೆ ಕಣ್ಣು ಮುಚ್ಚಿ ತಲೆಯಾಡಿಸಿದಳು. ಸೂರಿನಲ್ಲಿ ಸಿಕ್ಕಿಸಿದ್ದ ಕುಡುಗೋಲಿನ ಕಡೆ ಯಾರೂ ನೋಡಲಿಲ್ಲ.

ಹೆಂಗಸರು ಮಣ್ಣಿಗೆ ಹೋಗುವ ರೂಢಿ ಇರಲಿಲ್ಲ; ಪಕ್ಕೀರವ್ವ ಹೋದಳು. ಒಂದು ಮೊಳದ ಧೋತರದಲ್ಲಿ ತಲೆ, ಎದೆ, ಹೊಟ್ಟೆ ಸುತ್ತಿದ್ದಾಗಿತ್ತು. ಕಾಲು ಹೊರಗೇ ಉಳಿದವು. ಮೇಲೆ ಎಳೆದರೆ ತಲೆ ಬಯಲು, ಕೆಳಗೆ ಎಳೆದರೆ ಕಾಲು ಬಯಲು. ತಾನು ಉಟ್ಟ ಅರ್ಧ ಸೀರೆಯ ಅಂಚಿಗೆ ಕೈ ಹಾಕಿದಾಗ ಗುದ್ದಲಿ ಹಿಡಿದವರು ತಡೆದರು, ಮನೆಯಲ್ಲಿ ಮಗಳು ಜ್ವರದಲ್ಲಿ ಬಿದ್ದಿದ್ದಾಳೆ, ನೀನು ಇವನ ಹಿಂದೆ ಹೋದರೆ ಅವಳನ್ನು ನೋಡುವವರು ಯಾರು ಎಂದರು. ಅವಳ ಕೈ ಕೆಳಗಿಳಿಯಿತು. ಹತ್ತಿರದ ಎಕ್ಕೆಗಿಡದ ಎರಡು ಎಲೆ ಕಿತ್ತು ಆ ಪುಟ್ಟ ಪಾದಗಳ ಮೇಲೆ ಇಟ್ಟಳು. ಮಣ್ಣು ಬೀಳುವಾಗ ಎಲೆ ಜಾರಿತು.

ಮೂರು ದಿನದ ಮೇಲೆ ಹೊಳಿಯಮ್ಮ ಕಣ್ಣು ಬಿಟ್ಟಳು. ಮೊದಲು ಹುಡುಕಿದ್ದು ಕೌದಿಯನ್ನು. ಅದು ಮನೆಯಲ್ಲಿ ಇಲ್ಲದ್ದನ್ನು ನೋಡಿ ಅವ್ವನ ಮುಖಕ್ಕೆ ತಿರುಗಿದಳು.

"ಹೊಚ್ಚಿ ಕಳಿಸೀಯೇನಬೇ?"

"ಹೊಚ್ಚಿ ಕಳಿಸೀನಿ."

"ಪೂರಾ?"

"ಪೂರಾ. ಕಾಲತನಕ."

ಕಟ್ಟಳೆ ಹೊಳಿಯಮ್ಮನಿಗೂ ಗೊತ್ತಿತ್ತು. ಅವರು ಹೇಗೆ ಬಿಟ್ಟುಕೊಟ್ಟರು ಎಂದು ಕೇಳಿದಳು. ಪಕ್ಕೀರವ್ವ ಆ ಸುಳ್ಳಿಗೆ ಇನ್ನೊಂದು ಸುಳ್ಳಿನ ತೇಪೆ ಹಾಕಿದಳು: ನಿನ್ನ ಮುಖ ನೋಡಿ ಮೂವರೂ ಬಿಟ್ಟುಕೊಟ್ಟರು, ತಮಗೇನಾದರೂ ಆಗಲಿ ಎಂದರು. ಹೊಳಿಯಮ್ಮ ಬಹಳ ಹೊತ್ತು ಅತ್ತಳು. ಆ ಅಳುವಿನಲ್ಲಿ ಒಂದು ತರಹದ ತಂಪಿತ್ತು. ಅತ್ತು, ಗಂಜಿ ಕುಡಿದು, ನಿದ್ದೆ ಹೋದಳು.

ಗಂಡನ ಊರು ಮರಳಿಯಿಂದ ಮಾತು ಬಂತು. ಓಬಳೆಪ್ಪ ಬರಲಿಲ್ಲ, ಬಂಡಿಯವನೊಬ್ಬನ ಕೈಯಲ್ಲಿ ಹೇಳಿಕಳಿಸಿದ್ದರು. ಹೊಳಿಯಮ್ಮ ಇನ್ನು ಬರುವುದು ಬೇಡ, ಮನೆಗೆ ಬೇರೆ ಹೆಣ್ಣು ನೋಡಿದ್ದಾರೆ. ಪಕ್ಕೀರವ್ವ ಎದೆ ಬಡಿದುಕೊಂಡಳು. ಹೊಳಿಯಮ್ಮ ಬಡಿದುಕೊಳ್ಳಲಿಲ್ಲ. ಗಂಡನ ಮನೆ ಹೋಯಿತು, ಮೂರು ಕೂಸು ಹೋದವು, ಆದರೆ ಮೂರನೆಯದು ಬೆಚ್ಚಗೆ ಮಲಗಿದೆ ಎಂಬ ಒಂದು ಎಳೆ ಅವಳ ಕೈಯಲ್ಲಿ ಉಳಿದಿತ್ತು. ಅದನ್ನು ಹಿಡಿದುಕೊಂಡೇ ಎದ್ದಳು, ನೀರಿಗೆ ಹೋದಳು, ಕೂಲಿಗೆ ಹೋದಳು. ಒಂದು ದಿನ ದಾರಿಯಲ್ಲಿ ಎದುರಾದ ಹಮೀದಾಬಿಯ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡಳು. ದಾದೇ ಅಣ್ಣನ ಅರಿವೆ ಕೊಟ್ಟೆಯಲ್ಲ ಚಿಗವ್ವ, ಅವನಿಗೆ ದೇವರು ನೂರು ವರ್ಷ ಕೊಡಲಿ ಎಂದಳು. ಹಮೀದಾಬಿ ಕೈ ಬಿಡಿಸಿಕೊಂಡು ಹಿಂದೆ ನೋಡದೆ ಮನೆಗೆ ಹೋದಳು. ಅಂದಿನಿಂದ ಆ ಮನೆಯಿಂದ ಕೆಂಡ ಬರುವುದು ನಿಂತಿತು. ಪಕ್ಕೀರವ್ವನಿಗೆ ಕಾರಣ ಗೊತ್ತಿತ್ತು. ಗೆಳತಿಯ ಬಾಯಿ ಕಟ್ಟಿದ್ದೂ ತಾನೇ, ಮುಖ ಎತ್ತದ ಹಾಗೆ ಮಾಡಿದ್ದೂ ತಾನೇ.

ಶಿವರಾತ್ರಿ ಆದ ಮೂರನೆಯ ದಿನ ಮುಂಜಾನೆ ಹೊಳಿಯಮ್ಮ ಒಳಗೆ ಜೋಳ ಬೀಸುತ್ತಿದ್ದಳು. ಪಕ್ಕೀರವ್ವ ಹೊಸ್ತಿಲ ಮುಂದೆ ಕಸ ಹೊಡೆಯುತ್ತಿದ್ದಳು. ಹಮೀದಾಬಿ ಬಂದು ಎದುರಿಗೆ ನಿಂತಳು. ಒಂದು ಕೈಯಲ್ಲಿ ಕಾಗದ, ಇನ್ನೊಂದರಲ್ಲಿ ನೀಲಿ ಗೀಟಿನ ತುಂಡು. ಕಾಗದವನ್ನು ಸಾಲಿ ಮಾಸ್ತರನ ಹತ್ತಿರ ಓದಿಸಿಕೊಂಡು ಸೀದಾ ಬಂದಿದ್ದಳು. ಕಣ್ಣಲ್ಲಿ ನೀರಿರಲಿಲ್ಲ.

"ದಸರಾದಾಗ ಹೋಗ್ಯಾನಂತ," ಎಂದಳು. "ಹೊಲದ ಮ್ಯಾಲಿನ ಸುದ್ದಿ ಹೇಳಿದಂಗ ಹೇಳಿದ್ರು ಮಾಸ್ತರು. ದಸರಾದಾಗ. ನಾವು ಈ ಗಿಡದ ಕೆಳಗ ಹೊಲಿಯಾಕ ಕುಂತಾಗ ಅಂವ ಮಣ್ಣಾಗಿ ತಿಂಗಳಾಗಿತ್ತು ಪಕ್ಕೀರಕ್ಕ."

ಪಕ್ಕೀರವ್ವನ ಕೈಯಿಂದ ಕಸಬರಿಗೆ ಬಿತ್ತು. ಮುಂದಿನ ಮಾತು ಏನೆಂದು ಅವಳಿಗೆ ತಿಳಿಯಿತು. ಒಳಗಿನ ಕಡೆ ಕಣ್ಣು ಮಾಡಿ ಬೇಡ ಬೇಡ ಎಂದು ತಲೆ ಅಲ್ಲಾಡಿಸಿದಳು. ಹಮೀದಾಬಿ ಅವಳನ್ನು ನೋಡುತ್ತಿರಲಿಲ್ಲ. ಕೈಯಲ್ಲಿದ್ದ ಅರಿವೆಯನ್ನು ನೋಡುತ್ತಿದ್ದಳು.

"ಸತ್ತವನ ಅರಿವೀನ ಬದುಕಿದವನ್ದಂತ ಬಿಚ್ಚಿಸ್ಕೊಂಡು ಒಯ್ದೆ. ತಲಿ ಕೆಳಗ ಇಟ್ಕೊಂಡು ಮಲಗಿದೆ. ಬಿಟ್ಟಿದ್ರ ಆ ಕೂಸಿನ ಕಾಲಾದ್ರೂ ಮುಚ್ಚತಿದ್ವು."

ಒಳಗೆ ಬೀಸುವ ಕಲ್ಲು ನಿಂತಿತು.

ಪಕ್ಕೀರವ್ವ ತಿರುಗಿ ನೋಡಲಿಲ್ಲ. ನೋಡುವ ಧೈರ್ಯ ಇರಲಿಲ್ಲ. ಬಳೆಯ ಸಪ್ಪಳ ಹತ್ತಿರ ಬಂತು. ಹೊಳಿಯಮ್ಮ ಹಿಟ್ಟಿನ ಕೈಯಲ್ಲಿಯೇ ಹೊಸ್ತಿಲಿಗೆ ಬಂದು ನಿಂತಳು. ದಾದೇಸಾಬನ ವಿಷಯ ಕೇಳಲಿಲ್ಲ, ಹಮೀದಾಬಿಯನ್ನು ಬೈಯಲಿಲ್ಲ. ಅವ್ವನನ್ನೇ ಕೇಳಿದಳು.

"ಕಾಲು ಹೊರಗಿದ್ವೇನಬೇ?"

ಇನ್ನೊಂದು ಸುಳ್ಳು ಹೊಲಿಯಲು ಪಕ್ಕೀರವ್ವನ ಹತ್ತಿರ ದಾರ ಉಳಿದಿರಲಿಲ್ಲ.

ಹೊಳಿಯಮ್ಮ ಹಮೀದಾಬಿಯ ಕೈಯಿಂದ ಆ ತುಂಡನ್ನು ತೆಗೆದುಕೊಂಡಳು. ತನ್ನ ಮೊಳಕೈಯಿಂದ ಬೆರಳ ತುದಿಯವರೆಗೆ ಇಟ್ಟು ಅಳೆದಳು. ಅಂಚುಗಳಲ್ಲಿ ಕಿತ್ತ ಹೊಲಿಗೆಯ ಸಣ್ಣ ತೂತುಗಳು ಸಾಲಾಗಿ ಕಾಣುತ್ತಿದ್ದವು. ಅದರ ಮೇಲೆ ಜೋಳದ ಹಿಟ್ಟಿನ ಬೆರಳಚ್ಚು ಮೂಡಿತು.

"ಇಷ್ಟಿದ್ರ ಸಾಲತಿತ್ತು," ಎಂದಳು.

ಅರಿವೆಯನ್ನು ಮಡಿಸಿ ಹಮೀದಾಬಿಗೆ ಮರಳಿ ಕೊಟ್ಟಳು. ಆ ಇಬ್ಬರು ಮುದುಕಿಯರನ್ನು ಬಿಸಿಲಿನಲ್ಲಿ ಬಿಟ್ಟು ಒಳಗೆ ಹೋದಳು. ಕಲ್ಲಿನಲ್ಲಿ ಇನ್ನೂ ಒಂದು ಹಿಡಿ ಜೋಳ ಉಳಿದಿತ್ತು. ಅದನ್ನು ಅವತ್ತು ಯಾರೂ ಬೀಸಲಿಲ್ಲ.